ಅಪ್ಪನ ಭಾಗವತರು, ನನ್ನ ಗನ್ಸ್ ಎನ್ ರೋಸಸ್

2025ರ ಮೇ ತಿಂಗಳಲ್ಲಿ ಆಫೀಸಿನ ಪೋರ್ಟಲ್‌ನಲ್ಲಿ ಒಂದು ಸೋಮವಾರಕ್ಕೆ ರಜೆ ಹಾಕಿದೆ. ಕಾರಣ ಬರೆಯುವ ಜಾಗದಲ್ಲಿ ಕರ್ಸರ್ ಮಿಟುಕಿಸುತ್ತಾ ಕೂತಿತ್ತು. ಏನು ಬರೆಯೋದು ಅಂತ ಯೋಚಿಸಿ ಯೋಚಿಸಿ ಕೊನೆಗೆ ‘ಫ್ಯಾಮಿಲಿ ಫಂಕ್ಷನ್’ ಅಂತ ಟೈಪ್ ಮಾಡಿ ಒತ್ತಿಬಿಟ್ಟೆ.

ಫಂಕ್ಷನ್ನೂ ಇರಲಿಲ್ಲ, ಏನೂ ಇರಲಿಲ್ಲ. ಮೇ 17ರ ಶನಿವಾರ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಗನ್ಸ್ ಎನ್ ರೋಸಸ್ ಬ್ಯಾಂಡಿನ ಕಾರ್ಯಕ್ರಮ ಇತ್ತು. ಅಲ್ಲಿ ಕುಣಿದು, ಕೂಗಿ, ಗಂಟಲು ಕಟ್ಟಿಸಿಕೊಂಡು ವಾಪಸ್ ಬಂದ ಮೇಲೆ ಮಲಗೋದಕ್ಕೆ ಒಂದು ದಿನ ಬೇಕಿತ್ತು ಅಷ್ಟೇ. ನನಗೆ ಮೂವತ್ತೊಂದು ವರ್ಷ. ಟೀಮಿನಲ್ಲಿ ನಾಲ್ಕು ಜನ ಜೂನಿಯರ್‌ಗಳು ನನಗೆ ರಿಪೋರ್ಟ್ ಮಾಡ್ತಾರೆ. ತಿಂಗಳ ಐದನೇ ತಾರೀಕು ಮನೆ ಸಾಲದ ಕಂತು ಕಟ್ ಆಗುತ್ತೆ. ಇಂಥವನು ಮ್ಯಾನೇಜರ್ ಹತ್ತಿರ ‘ರಾಕ್ ಬ್ಯಾಂಡ್ ನೋಡಕ್ಕೆ ಹೋಗ್ಬೇಕು ಸರ್’ ಅನ್ನೋದಕ್ಕೆ ಯಾಕೋ ನಾಚಿಕೆ.

ಈ ಬ್ಯಾಂಡಿಗೋಸ್ಕರ ನಾನು ಹೇಳಿದ ಎರಡನೇ ಸುಳ್ಳು ಅದು. ಮೊದಲನೆಯದನ್ನು ಹನ್ನೆರಡೂವರೆ ವರ್ಷದ ಹಿಂದೆ ಅಪ್ಪನಿಗೆ ಹೇಳಿದ್ದೆ. ಅದರ ಕತೆಯನ್ನೇ ಇಲ್ಲಿ ಹೇಳಬೇಕು ಅಂತಿರೋದು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. ಒಂದೂವರೆ ಎಕರೆ ಅಡಿಕೆ ತೋಟ, ಜೊತೆಗೆ ಅಪ್ಪನಿಗೆ ಸೊಸೈಟಿಯಲ್ಲಿ ಗುಮಾಸ್ತನ ಕೆಲಸ. ನಮ್ಮ ಮನೆಯಲ್ಲಿ ಸಂಗೀತ ಅಂದ್ರೆ ಯಕ್ಷಗಾನ. ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟ ಮುಗಿಸಿ ಎಲ್ಲರೂ ಮೆಟ್ಟುಕತ್ತಿ ಮುಂದೆ ಅಡಿಕೆ ಸುಲಿಯಕ್ಕೆ ಕೂತರೆ ಹನ್ನೊಂದು, ಹನ್ನೆರಡು ಗಂಟೆವರೆಗೂ ಕೆಲಸ. ನಿದ್ದೆ ಬರದಿರಲಿ ಅಂತ ಅಪ್ಪ ಭಾಗವತಿಕೆ ಶುರು ಮಾಡುತ್ತಿದ್ದ. ತಾಳಕ್ಕೆ ಕತ್ತಿಯ ಟಕ್ ಟಕ್. ಅಪ್ಪ ಯಾರ ಹತ್ತಿರವೂ ಕಲಿತವನಲ್ಲ. ಆದರೆ ಏರು ಸ್ವರ ಹಿಡಿದು ನಿಂತರೆ ಪಕ್ಕದ ಮನೆಯವರು ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು.

ಅಪ್ಪನ ದೇವರು ಕಾಳಿಂಗ ನಾವಡರು. ಬಡಗುತಿಟ್ಟಿನ ಭಾಗವತರು, ಸಾಲಿಗ್ರಾಮ ಮೇಳದಲ್ಲಿದ್ದವರು, ‘ನಾಗಶ್ರೀ’ ಪ್ರಸಂಗ ಬರೆದವರು. ಅವರ ಆಟ ಇದೆ ಅಂದ್ರೆ ಅಪ್ಪ ಹದಿನೈದು ಕಿಲೋಮೀಟರ್ ಸೈಕಲ್ ತುಳಿದು ಹೋಗಿ, ಬೆಳಗಿನವರೆಗೂ ಟೆಂಟಿನಲ್ಲಿ ಕೂತು, ಅಲ್ಲಿಂದ ಸೀದಾ ಕೆಲಸಕ್ಕೆ ಹೋಗುತ್ತಿದ್ದನಂತೆ. 1990ರಲ್ಲಿ ಮೇಳ ನಮ್ಮ ಕಡೆ ಟೆಂಟ್ ಹಾಕಿದಾಗ ಅದೇನೋ ತೋಟದ ಕೆಲಸ ಬಂತು. ‘ಮುಂದಿನ ವರ್ಷ ಬರ್ತಾರಲ್ಲ, ನೋಡಿದರಾಯ್ತು’ ಅಂತ ಬಿಟ್ಟ. ಅದೇ ಮೇ ತಿಂಗಳಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರಿಗೆ ಆಗ ವಯಸ್ಸು ಮೂವತ್ತರ ಆಚೀಚೆ.

ಈ ಕತೆಯನ್ನು ನಾನು ನೂರು ಸಲ ಕೇಳಿದ್ದೇನೆ. ಅಪ್ಪ ಪ್ರತಿ ಸಲವೂ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ: “ಕ್ಯಾಸೆಟ್ ಇದಾವೆ ಮಾರಾಯ, ಬೇಕಾದಷ್ಟು ಇದಾವೆ. ಆದ್ರೆ ಎದುರಿಗೆ ಕೂತು ಕೇಳದೇ ಬೇರೆ.”

ಅಂಥ ಮನೆಗೆ ಗನ್ಸ್ ಎನ್ ರೋಸಸ್ ಬಂದದ್ದು ಮೆಮೊರಿ ಕಾರ್ಡಿನಲ್ಲಿ. ನಿಮಗೂ ನೆನಪಿರಬಹುದು. ಆಗೆಲ್ಲ ಮೊಬೈಲ್ ಅಂಗಡಿಗೆ ಹೋಗಿ ಕಾರ್ಡ್ ಕೊಟ್ಟು ಇಪ್ಪತ್ತೋ ಮೂವತ್ತೋ ರೂಪಾಯಿ ಕೊಟ್ಟರೆ ತುಂಬಾ ಹಾಡು ತುಂಬಿಕೊಡೋರು. ನಾನು ಕೇಳಿದ್ದು ಕನ್ನಡ ಹಾಡುಗಳನ್ನು. ಅಂಗಡಿಯವನು ಜಾಗ ಉಳೀತು ಅಂತ ‘ಇಂಗ್ಲಿಷ್ ಹಿಟ್ಸ್’ ಅನ್ನೋ ಫೋಲ್ಡರನ್ನೂ ಹಾಕಿಬಿಟ್ಟಿದ್ದ. ಅದರಲ್ಲಿ ‘ಸ್ವೀಟ್ ಚೈಲ್ಡ್ ಓ ಮೈನ್’ ಇತ್ತು.

ಪಿಯುಸಿ ಮೊದಲ ವರ್ಷ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದೆ. ಹಾಡು ಶುರುವಾಗೋದೇ ಗಿಟಾರಿನ ಒಂದು ಸಾಲಿನಿಂದ, ಸುತ್ತಿ ಸುತ್ತಿ ಬರುವ ಸಾಲು. ಬೆರಳಿಗೆ ಅಭ್ಯಾಸ ಆಗಲಿ ಅಂತ ಸ್ಲ್ಯಾಶ್ ಸುಮ್ಮನೆ ನುಡಿಸುತ್ತಿದ್ದದ್ದು ಹಾಡಾಯಿತು, 1988ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು ಅನ್ನೋದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವತ್ತು ಗೊತ್ತಾದದ್ದು ಒಂದೇ. ಹಾಡುವವನು ಏರು ಸ್ವರಕ್ಕೆ ಹೋದಾಗ ನನ್ನ ಕೈಮೇಲಿನ ರೋಮ ಎದ್ದು ನಿಂತಿತ್ತು. ಅದಕ್ಕೂ ಮುಂಚೆ ಹಾಗೆ ಆಗುತ್ತಿದ್ದದ್ದು ಅಪ್ಪ ಅಡಿಕೆ ಸುಲಿಯುತ್ತಾ ಹಾಡುವಾಗ ಮಾತ್ರ.

ಅಪ್ಪನಿಗೂ ಒಂದು ಸಲ ಕೇಳಿಸಿದೆ. ಅರ್ಧ ನಿಮಿಷ ಕೇಳಿ ಇಯರ್‌ಫೋನ್ ತೆಗೆದು ಕೈಗೆ ಕೊಟ್ಟ. “ಎಂತಕ್ಕೆ ಹಿಂಗೆ ಕಿರುಚ್ತಾನೆ ಅವ್ನು? ಯಾರಾದ್ರೂ ಹೊಡೆದ್ರಾ?”

2012ರಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿ ಬೆಂಗಳೂರಿಗೆ ಬಂದೆ. ಹಾಸ್ಟೆಲ್ ರೂಮ್‌ಮೇಟ್ ಹುಬ್ಬಳ್ಳಿಯವನು. ಅವನ ಹಾರ್ಡ್ ಡಿಸ್ಕಿನಲ್ಲಿ ಬ್ಯಾಂಡಿನ ಎಲ್ಲ ಆಲ್ಬಮ್‌ಗಳೂ ಇದ್ದವು. 1987ರ ‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’, 1991ರಲ್ಲಿ ಒಂದೇ ದಿನ ಬಿಡುಗಡೆಯಾದ ‘ಯೂಸ್ ಯುವರ್ ಇಲ್ಯೂಷನ್’ ಎರಡು ಭಾಗಗಳು, ಎಲ್ಲ. ಮೂರು ತಿಂಗಳಲ್ಲಿ ನಮಗೆ ಡ್ರಮ್ಸ್ ಎಲ್ಲಿ ಬೀಳುತ್ತೆ ಅನ್ನೋದು ಕೂಡ ಬಾಯಿಪಾಠ. ಅಷ್ಟರಲ್ಲಿ ಸುದ್ದಿ ಬಂತು. ಗನ್ಸ್ ಎನ್ ರೋಸಸ್ ಮೊದಲ ಬಾರಿಗೆ ಭಾರತಕ್ಕೆ ಬರ್ತಿದೆ, ಡಿಸೆಂಬರ್ 7ಕ್ಕೆ ಬೆಂಗಳೂರಿನಲ್ಲೇ ಮೊದಲ ಶೋ!

“ಹೋಗೂದಲೇ, ಕಿಡ್ನಿ ಮಾರಿಯಾದ್ರೂ ಹೋಗೂದು” ಅಂದ ರೂಮ್‌ಮೇಟ್.

ಕಿಡ್ನಿ ಮಾರಲಿಲ್ಲ. ಊರಿಗೆ ಫೋನ್ ಮಾಡಿದೆ. “ಅಪ್ಪ, ಡ್ರಾಯಿಂಗ್ ಕ್ಲಾಸಿಗೆ ಡ್ರಾಫ್ಟರ್ ತಗೋಬೇಕು. ಸೈಂಟಿಫಿಕ್ ಕ್ಯಾಲ್ಕುಲೇಟರ್ ಬೇರೆ ಕಳೆದುಹೋಯ್ತು. ಲ್ಯಾಬ್ ರೆಕಾರ್ಡು, ಅದು ಇದು ಅಂತ ಮೂರು ಸಾವಿರ ಆಗತ್ತೆ.” ಡ್ರಾಫ್ಟರನ್ನು ಸೀನಿಯರ್ ಒಬ್ಬರು ಆಗಲೇ ಪುಕ್ಕಟೆ ಕೊಟ್ಟಿದ್ದರು. ಕ್ಯಾಲ್ಕುಲೇಟರ್ ಬ್ಯಾಗಿನಲ್ಲೇ ಇತ್ತು.

ಅಪ್ಪ ಒಂದು ಕ್ಷಣ ಸುಮ್ಮನಿದ್ದು, “ಯಾವಾಗ ಬೇಕು?” ಅಂದ. ಅಷ್ಟೇ. ನಾಲ್ಕನೇ ದಿನ ದುಡ್ಡು ಅಕೌಂಟಿಗೆ ಬಂತು.

ಶೋ ಇದ್ದದ್ದು ಭಾರತೀಯ ಸಿಟಿಯಲ್ಲಿ. ಎರಡು ಬಸ್ಸು ಬದಲಿಸಿ, ಧೂಳಿನ ದಾರಿಯಲ್ಲಿ ನಡೆದು ಹೋದೆವು. ನನ್ನ ಜನ್ಮದಲ್ಲಿ ಅಷ್ಟು ಕಪ್ಪು ಟೀ ಶರ್ಟುಗಳನ್ನು ಒಟ್ಟಿಗೆ ನೋಡಿರಲಿಲ್ಲ. ಮೊದಲ ಹಾಡಿಗೆ ಡ್ರಮ್ ಬಿದ್ದಾಗ ಒಂದು ವಿಷಯ ಅರ್ಥ ಆಯ್ತು. ಇಯರ್‌ಫೋನಿನಲ್ಲಿ ನಾನು ಇಷ್ಟು ದಿನ ಕೇಳಿದ್ದು ಕಿವಿಗೆ ಮಾತ್ರ. ಇಲ್ಲಿ ಬೇಸ್ ಗಿಟಾರ್ ಎದೆಗೂಡಿನ ಒಳಗೆ ಬಡಿಯುತ್ತೆ, ಅಂಗಿ ಅಲ್ಲಾಡುತ್ತೆ, ಕಾಲಡಿಯ ನೆಲ ನಡುಗುತ್ತೆ. ಎದುರಿಗೆ ಕೂತು ಕೇಳೋದೇ ಬೇರೆ ಅಂತ ಅಪ್ಪ ಹೇಳುತ್ತಿದ್ದದ್ದು ಇದನ್ನೇ. ವ್ಯತ್ಯಾಸ ಏನಪ್ಪ ಅಂದ್ರೆ, ಇಲ್ಲಿ ಯಾರೂ ಕೂರಲ್ಲ.

ಆದರೂ ಒಂದು ಕೊರತೆ ಇತ್ತು. ಆ ವೇದಿಕೆಯ ಮೇಲೆ ಸ್ಲ್ಯಾಶ್ ಇರಲಿಲ್ಲ. 1996ರಲ್ಲೇ ಬ್ಯಾಂಡ್ ಬಿಟ್ಟಿದ್ದ. ಬೇಸ್ ನುಡಿಸುವ ಡಫ್ ಮೆಕೇಗನ್ ಮರುವರ್ಷ ಹೋಗಿದ್ದ. ಹಳಬರಲ್ಲಿ ಉಳಿದದ್ದು ಹಾಡುಗಾರ ಆ್ಯಕ್ಸಲ್ ರೋಸ್ ಮತ್ತು 1990ರಲ್ಲಿ ಸೇರಿದ ಕೀಬೋರ್ಡಿನ ಡಿಜ್ಜಿ ರೀಡ್ ಇಬ್ಬರೇ. ಹೊಸ ಗಿಟಾರಿಸ್ಟುಗಳು ಚೆನ್ನಾಗಿಯೇ ನುಡಿಸಿದರು, ಸುಳ್ಳು ಯಾಕೆ ಹೇಳಲಿ. ಆದರೆ ಸೋಲೋ ಬಂದಾಗೆಲ್ಲ ನನ್ನ ಕಣ್ಣು ಆ ಉದ್ದ ಟೋಪಿ, ಗುಂಗುರು ಕೂದಲಿನವನನ್ನು ಹುಡುಕುತ್ತಿತ್ತು. ಮೇಳ ಅದೇ, ಪ್ರಸಂಗ ಅದೇ, ಮದ್ದಳೆಯವರು ಮಾತ್ರ ಬೇರೆ ಅಂದ ಹಾಗೆ.

ರಾತ್ರಿ ವಾಪಸ್ ಬರೋದಕ್ಕೆ ಬಸ್ಸಿಲ್ಲ. ಹೆಬ್ಬಾಳದವರೆಗೆ ನಡೆದೆವು. ಫ್ಲೈಓವರ್ ಕೆಳಗೆ ಚಹಾ ಕುಡಿಯುವಾಗ ರೂಮ್‌ಮೇಟ್ ಅಂದ, “ಸ್ಲ್ಯಾಶ್ ಬಂದ್ರ ಮತ್ತ ಬರೂಣಲೇ. ಎಲ್ಲೇ ಇದ್ರೂ ಬರೂದು.” ಸರಿ ಅಂದೆ. ಅದು ಆಗಹೋಗದ ಮಾತು ಅಂತ ಇಬ್ಬರಿಗೂ ಗೊತ್ತಿತ್ತು. ಮತ್ತೆ ಒಂದಾಗ್ತೀರಾ ಅಂತ ಯಾರೋ ಕೇಳಿದ್ದಕ್ಕೆ ಆ್ಯಕ್ಸಲ್ ಅದೇ ವರ್ಷ ‘ಈ ಜನ್ಮದಲ್ಲಿ ಇಲ್ಲ’ ಅನ್ನೋ ಅರ್ಥದ ಉತ್ತರ ಕೊಟ್ಟಿದ್ದ.

ಆಮೇಲೆ ಡಿಗ್ರಿ ಮುಗೀತು, ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿತು. ಅದೇ 2016ರಲ್ಲಿ ನಂಬಲಾಗದ ಸುದ್ದಿ. ಆ್ಯಕ್ಸಲ್, ಸ್ಲ್ಯಾಶ್, ಡಫ್ ಮೂವರೂ ಮತ್ತೆ ಒಂದೇ ವೇದಿಕೆಗೆ! ಟೂರಿಗೆ ಹೆಸರಿಟ್ಟದ್ದು ಏನು ಗೊತ್ತಾ? ‘ನಾಟ್ ಇನ್ ದಿಸ್ ಲೈಫ್‌ಟೈಮ್’. ಹೇಳಿದ ಮಾತನ್ನೇ ಬೋರ್ಡ್ ಮಾಡಿ ನೇತುಹಾಕಿಕೊಂಡಿದ್ದರು. 2019ರವರೆಗೆ ನಡೆದ ಆ ಟೂರು 58 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೆ ಭಾರತಕ್ಕೆ ಬರಲಿಲ್ಲ. ನಾನು ಯೂಟ್ಯೂಬಿನಲ್ಲಿ ನೋಡಿದೆ. ಕ್ಯಾಸೆಟ್ ಇದಾವೆ ಮಾರಾಯ, ಬೇಕಾದಷ್ಟು ಇದಾವೆ.

ಈ ಮೂವರೂ ಒಟ್ಟಿಗೆ ಉಳಿದಿರೋದೇ ಒಂದು ಆಶ್ಚರ್ಯ. 1994ರಲ್ಲಿ, ಸರಿಯಾಗಿ ಮೂವತ್ತನೇ ವಯಸ್ಸಿನಲ್ಲಿ, ಕುಡಿತದಿಂದ ಡಫ್‌ನ ಮೇದೋಜೀರಕ ಗ್ರಂಥಿ ಊದಿ ಒಡೆದು ಸಾಯುವ ಸ್ಥಿತಿಗೆ ಹೋಗಿದ್ದ. ಬದುಕಿ ಬಂದು, ಕುಡಿಯೋದು ಬಿಟ್ಟು, ಸಿಯಾಟಲ್ ವಿಶ್ವವಿದ್ಯಾಲಯಕ್ಕೆ ಸೇರಿ ವ್ಯವಹಾರ ಶಾಸ್ತ್ರ ಓದಿದ. ಸ್ಲ್ಯಾಶ್‌ಗೆ 35ರ ಆಸುಪಾಸಿನಲ್ಲೇ ಹೃದಯದ ಸ್ನಾಯು ಕೆಟ್ಟು, ಎದೆಯೊಳಗೆ ಯಂತ್ರ ಇಡಬೇಕಾಯಿತು. ಹಾಡು ಕೇಳುವ ಹುಡುಗನಾಗಿದ್ದಾಗ ಇದೆಲ್ಲ ನನಗೆ ರೋಚಕ ಕತೆ. ಮೂವತ್ತು ದಾಟಿದ ಮೇಲೆ ಹಾಗೆ ಅನಿಸಲ್ಲ. ಯಾಕಂದ್ರೆ ಅಷ್ಟರಲ್ಲಿ ಆಸ್ಪತ್ರೆಯ ಕಾರಿಡಾರ್ ಹೇಗಿರುತ್ತೆ ಅಂತ ನಾನೂ ನೋಡಿದ್ದೆ.

2023ರ ಅಕ್ಟೋಬರಿನಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯ್ತು.

‘ಲಘುವಾದದ್ದು’ ಅಂದರು ಡಾಕ್ಟರು. ಬೇಗ ಕರೆತಂದದ್ದರಿಂದ ಬಚಾವಾಯ್ತು ಅಂದರು. ಆರು ತಿಂಗಳಲ್ಲಿ ಬಲಗೈ ಮುಕ್ಕಾಲು ಪಾಲು ಸರಿಯಾಯ್ತು, ತೋಟಕ್ಕೆ ಹೋಗಿ ಬರುವಷ್ಟು ನಡಿಗೆಯೂ ಬಂತು. ಮಾತು ಮಾತ್ರ ಸ್ವಲ್ಪ ತೊದಲು. ದಣಿದಾಗ ಜಾಸ್ತಿ. ಸ್ಪೀಚ್ ಥೆರಪಿ ಮಾಡುವ ಮೇಡಂ, “ನೀವು ಹಾಡ್ತೀರಂತಲ್ಲ, ಮನೇಲಿ ಹಾಡಿ. ನಾಲಿಗೆಗೆ ಒಳ್ಳೇದು” ಅಂದಿದ್ದರು. ಅಪ್ಪ ಹಾಡಲಿಲ್ಲ. ಅಮ್ಮ ಹೇಳಿದಳು, ನಾನು ಹೇಳಿದೆ, ಅಕ್ಕ ಹೇಳಿದಳು. ಒಂದು ಸಲ ಸಿಟ್ಟು ಬಂದು, “ಮೊದಲಿನ ಹಂಗೆ ಬರಲ್ಲ ಅಂದ್ಮೇಲೆ ಯಾಕೆ ಹಾಡ್ಬೇಕು? ಊರೋರ ಮುಂದೆ ನಗೆಪಾಟಲಾಗಕ್ಕಾ?” ಅಂದ. ಆಮೇಲೆ ನಾವ್ಯಾರೂ ಕೇಳಲಿಲ್ಲ. 2024ರ ಕೊಯ್ಲಿನಲ್ಲಿ ಮೆಟ್ಟುಕತ್ತಿ ಮುಂದೆ ಮೊಬೈಲಿನಲ್ಲಿ ಧಾರಾವಾಹಿ ಓಡುತ್ತಿತ್ತು.

ಮುಂಬೈ ಶೋ ಘೋಷಣೆಯಾದ ದಿನ ಪುಣೆಯಲ್ಲಿರುವ ರೂಮ್‌ಮೇಟ್‌ನಿಂದ ಮೆಸೇಜು: “ಸ್ಲ್ಯಾಶ್ ಬರಾಕತ್ತಾನ. ಹೆಬ್ಬಾಳದ ಮಾತು ನೆನಪೈತಿ?” ಐದು ನಿಮಿಷ ಟಿಕೆಟ್ ಪುಟ ನೋಡುತ್ತಾ ಕೂತೆ. ಟಿಕೆಟ್ಟು, ವಿಮಾನ, ಹೋಟೆಲ್ಲು ಸೇರಿಸಿದರೆ ಅಪ್ಪನ ಎರಡು ಮೂರು ತಿಂಗಳ ಮಾತ್ರೆ ಖರ್ಚಾಗುತ್ತೆ ಅಂತ ಲೆಕ್ಕ ಹಾಕಿತು ತಲೆ. ಬೇಡ ಅನ್ನಿಸಿತು. ಆಮೇಲೆ ನಾವಡರ ಕತೆ ನೆನಪಾಯ್ತು. ‘ಮುಂದಿನ ವರ್ಷ ನೋಡಿದರಾಯ್ತು.’ ಆ್ಯಕ್ಸಲ್‌ಗೆ 63, ಡಫ್‌ಗೆ 61, ಸ್ಲ್ಯಾಶ್‌ಗೆ ಅರವತ್ತಕ್ಕೆ ಎರಡು ತಿಂಗಳು ಕಮ್ಮಿ. ಟಿಕೆಟ್ ತಗೊಂಡೆ.

ಮೇ ತಿಂಗಳ ಮುಂಬೈ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಮಹಾಲಕ್ಷ್ಮಿ ಸ್ಟೇಷನ್ನಿನಿಂದ ರೇಸ್‌ಕೋರ್ಸ್ ತಲುಪೋವಷ್ಟರಲ್ಲೇ ಟೀ ಶರ್ಟು ಹಿಂಡಿದರೆ ನೀರು ಬರುವಂತಿತ್ತು. ರೂಮ್‌ಮೇಟ್‌ಗೆ ಹೊಟ್ಟೆ ಬಂದಿದೆ, ಮುಂದಿನ ಕೂದಲು ಹೋಗಿದೆ. “ನಾವ್ ವಯಸ್ಸಾದ್ವಲೇ” ಅಂದ. ಸುತ್ತ ನೋಡಿದೆ. ನಮಗಿಂತ ಇಪ್ಪತ್ತು ವರ್ಷ ದೊಡ್ಡವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಒಬ್ಬರು ಅಜ್ಜಿ ಕೂಡ ಬ್ಯಾಂಡಿನ ಟೀ ಶರ್ಟಿನಲ್ಲಿದ್ದರು. ಹತ್ತನೇ ಕ್ಲಾಸಿನ ಹಾಗೆ ಕಾಣುವ ಹುಡುಗಿಯರು ಗುಂಪಾಗಿ ಬಂದಿದ್ದರು. ಅವರು ಹುಟ್ಟುವ ಹೊತ್ತಿಗೇ ಈ ಬ್ಯಾಂಡಿಗೆ ಇಪ್ಪತ್ತು ದಾಟಿತ್ತು.

‘ವೆಲ್‌ಕಮ್ ಟು ದ ಜಂಗಲ್’ ಶುರುವಾಯ್ತು. ದೊಡ್ಡ ಪರದೆಯ ಮೇಲೆ ಆ ಟೋಪಿ, ಆ ಕೂದಲು, ಸೊಂಟದ ಕೆಳಗೆ ಜೋತುಬಿದ್ದ ಲೆಸ್ ಪಾಲ್ ಗಿಟಾರ್. ರೂಮ್‌ಮೇಟ್ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಾ ಏನೋ ಕೂಗುತ್ತಿದ್ದ. ನನಗೆ ಕೇಳಿಸಲಿಲ್ಲ, ಅವನಿಗೂ ನಾನು ಕೂಗಿದ್ದು ಕೇಳಿಸಿರಲ್ಲ. ಹದಿನೈದು ವರ್ಷ ಇಯರ್‌ಫೋನಿನಲ್ಲಿ ಕೇಳಿದ ಬೆರಳುಗಳು ನನ್ನಿಂದ ನೂರು ಮೀಟರ್ ದೂರದಲ್ಲಿ ನಿಜಕ್ಕೂ ಓಡಾಡುತ್ತಿದ್ದವು. ‘ಸ್ವೀಟ್ ಚೈಲ್ಡ್’ನ ಮೊದಲ ಸಾಲು ಬಂದಾಗ ನನಗೆ ತೀರ್ಥಹಳ್ಳಿ ಬಸ್ಸಿನ ಕಿಟಕಿ ನೆನಪಾಯ್ತು, ಅಷ್ಟೇ. ಅಳು ಬಂತು ಅಂತ ಬರೆದರೆ ಆಫೀಸಿನವರು ಓದಿ ನಗ್ತಾರೆ. ಬೆವರು ಅಂತ ಇಟ್ಟುಕೊಳ್ಳಿ.

ಇಲ್ಲಿ ಒಂದು ನಿಜ ಹೇಳಬೇಕು. ಆ್ಯಕ್ಸಲ್‌ನ ದನಿ 1987ರ ದನಿ ಅಲ್ಲ. ಕೆಳಗಿನ ಸ್ವರಗಳು ಈಗಲೂ ಗಟ್ಟಿ. ಆದರೆ ಒಂದು ಕಾಲದಲ್ಲಿ ಗರಗಸದ ಹಾಗೆ ಕೊಯ್ಯುತ್ತಿದ್ದ ಆ ಏರು ಸ್ವರ ಕೆಲವು ಕಡೆ ತೆಳುವಾಗಿ ದಾರದ ಹಾಗೆ ಬಂತು. ಕೆಲವು ಕಡೆ ಉಸಿರು ಮೊದಲೇ ಮುಗಿಯಿತು. ನನ್ನ ಹಿಂದೆ ನಿಂತಿದ್ದ ಇಬ್ಬರು ಹುಡುಗರು ನಕ್ಕರು. ಒಬ್ಬ, “ಅಂಕಲ್ ರಿಟೈರ್ ಆಗ್ಬೇಕಿತ್ತು” ಅನ್ನೋ ಅರ್ಥದಲ್ಲಿ ಹಿಂದಿಯಲ್ಲಿ ಏನೋ ಅಂದ.

ಒಂದು ಕ್ಷಣ ನನಗೂ ಕಸಿವಿಸಿ ಆಯ್ತು. ನಾವು ಪ್ರೀತಿಸಿದವರು ಎಡವುವುದನ್ನು ನಾಲ್ಕು ಜನರ ಮಧ್ಯೆ ನೋಡೋದು ಕಷ್ಟ. ಆಮೇಲೆ ಆ್ಯಕ್ಸಲ್ ಪಿಯಾನೋ ಮುಂದೆ ಕೂತ. ‘ನವೆಂಬರ್ ರೈನ್’. ಒಂಬತ್ತು ನಿಮಿಷದ ಹಾಡು. ಅದರಲ್ಲಿ ಅವನು ಮೇಲಕ್ಕೆ ಹೋಗಲೇಬೇಕಾದ ಜಾಗಗಳಿವೆ. ಅದು ಬರುತ್ತೆ ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ಮೊದಲಿನ ಹಾಗೆ ಬರಲ್ಲ ಅಂತಲೂ ಗೊತ್ತು. ಆದರೂ ಅವನು ಹೋದ. ದನಿ ಸೀಳಿತು. ನಿಲ್ಲಿಸಲಿಲ್ಲ. ಮುಂದಿನ ಸಾಲಿಗೆ ಮತ್ತೆ ಹೋದ. ಅಷ್ಟು ಹೊತ್ತಿಗೆ ರೇಸ್‌ಕೋರ್ಸ್ ಪೂರ್ತಿ ಹಾಡುತ್ತಿತ್ತು. ಅವನಿಗೆ ಸಿಗದ ಸ್ವರವನ್ನು ಸಾವಿರಾರು ಜನ ಸೇರಿ, ಶ್ರುತಿ ಇದ್ದರೂ ಇಲ್ಲದಿದ್ದರೂ, ಎತ್ತಿ ಕೊಡುತ್ತಿದ್ದರು. ಹಿಂದಿನ ಆ ಇಬ್ಬರು ಹುಡುಗರೂ ಹಾಡುತ್ತಿದ್ದರು.

ನನಗೆ ಅಪ್ಪ ನೆನಪಾದ. ಆ್ಯಕ್ಸಲ್‌ಗಿಂತ ಅಪ್ಪ ಒಂದೇ ವರ್ಷ ದೊಡ್ಡವನು.

ಭಾನುವಾರ ಬೆಂಗಳೂರಿಗೆ ಬಂದಿಳಿದಾಗ ಜೋರು ಮಳೆ. ಮನೆಗೆ ಹೋಗಿ ಮಲಗಬೇಕಿತ್ತು. ಅದರ ಬದಲು ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿ ಊರಿಗೆ ಹೊರಟೆ. ‘ಫ್ಯಾಮಿಲಿ ಫಂಕ್ಷನ್’ ಅಂತ ಬರೆದದ್ದು ಅರ್ಧ ನಿಜವಾಗಲಿ ಅಂತ ಇರಬೇಕು.

ಬೆಳಿಗ್ಗೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗ ನನ್ನ ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ. “ಎಂತಾಯ್ತಾ ಗಂಟ್ಲಿಗೆ?” ಅಂದ ಅಪ್ಪ. ಮುಂಬೈಗೆ ಹೋಗಿದ್ದು ಹೇಳಿದೆ. ಹೇಳ್ತಾ ಹೇಳ್ತಾ 2012ರದ್ದೂ ಬಾಯಿಗೆ ಬಂತು. ಡ್ರಾಫ್ಟರ್ ತಗೊಳ್ಳಲಿಲ್ಲ, ಕ್ಯಾಲ್ಕುಲೇಟರ್ ಕಳೆದಿರಲಿಲ್ಲ, ಆ ಮೂರು ಸಾವಿರಕ್ಕೆ ಇದೇ ಬ್ಯಾಂಡ್ ನೋಡಕ್ಕೆ ಹೋಗಿದ್ದೆ ಅಂದೆ.

ಅಪ್ಪ ನಗ್ತಾನೆ ಅಂದುಕೊಂಡಿದ್ದೆ. ಸಿನಿಮಾದಲ್ಲಿ ಹಾಗೇ ಅಲ್ವಾ, ‘ನನಗೆ ಆಗಲೇ ಗೊತ್ತಿತ್ತು ಕಣೋ’ ಅಂತ ಬೆನ್ನು ತಟ್ಟುತ್ತಾರೆ. ಅಪ್ಪನಿಗೆ ಗೊತ್ತಿರಲಿಲ್ಲ. ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಅಂಗಳ ನೋಡಿದ.

“ಆಗ ಕೊಯ್ಲಿನ ಕೂಲಿಗೇ ದುಡ್ಡಿರ್ಲಿಲ್ಲ,” ಅಂದ. ನಿಧಾನಕ್ಕೆ, ಒಂದೊಂದೇ ಪದ ಹುಡುಕಿಕೊಂಡು. “ಮಂಡಿಲಿ ಅಡ್ವಾನ್ಸ್ ಕೇಳಿ ಕಳ್ಸಿದ್ದೆ. ಓದಕ್ಕೆ ಅಂದ್ಯಲ್ಲ ಅಂತ.”

ನನಗೆ ತಲೆ ಎತ್ತೋಕಾಗಲಿಲ್ಲ. ಇಷ್ಟು ವರ್ಷ ಅದನ್ನು ನಾನು ಸ್ನೇಹಿತರ ಮುಂದೆ ತಮಾಷೆ ಕತೆ ಮಾಡಿ ಹೇಳಿದ್ದೆ. ಒಳಗಿನಿಂದ ಅಮ್ಮ, “ಹೋಗ್ಲಿ ಬಿಡಿ, ಈಗ ಅವ್ನೇ ಅಲ್ವಾ ಎಲ್ಲ ನೋಡ್ಕೊಳ್ಳದು” ಅಂದಳು. ಅಪ್ಪ ಅದಕ್ಕೆ ಏನೂ ಹೇಳಲಿಲ್ಲ. ‘ತಪ್ಪಾಯ್ತು ಅಪ್ಪ’ ಅಂದೆ. ಅದಕ್ಕೂ ಏನೂ ಹೇಳಲಿಲ್ಲ. ಎದ್ದು ತೋಟದ ಕಡೆ ಹೋದ.

ಮಧ್ಯಾಹ್ನ ಊಟ ಆದಮೇಲೆ ಅವನೇ ಬಂದು ಪಕ್ಕ ಕೂತ. “ಎಲ್ಲಿ, ತೋರ್ಸು. ಅಷ್ಟು ದುಡ್ಡು ಕೊಟ್ಟು ಎಂತ ನೋಡ್ದೆ ಅಂತ.”

ಮೊಬೈಲಿನಲ್ಲಿ ನಾನೇ ತೆಗೆದ ‘ನವೆಂಬರ್ ರೈನ್’ ವಿಡಿಯೊ ಹಾಕಿದೆ. ಅಲುಗಾಡುವ ವಿಡಿಯೊ, ಅದರಲ್ಲಿ ನನ್ನ ಕೂಗೇ ಜಾಸ್ತಿ. ಅಪ್ಪ ಈ ಸಲ ಅರ್ಧ ನಿಮಿಷಕ್ಕೆ ವಾಪಸ್ ಕೊಡಲಿಲ್ಲ. ಕಣ್ಣು ಸಣ್ಣ ಮಾಡಿ ಪೂರ್ತಿ ಕೇಳಿದ. ದನಿ ಸೀಳುವ ಜಾಗ ಬಂದಾಗ “ಅಯ್ಯೋ” ಅಂದ. ಮತ್ತೆ ಅದನ್ನೇ ಹಾಕು ಅಂದ.

“ಇವ್ನಿಗೆ ವಯಸ್ಸೆಷ್ಟು?”

“ಅರವತ್ಮೂರು. ನಿನ್ಗಿಂತ ಒಂದು ವರ್ಷ ಚಿಕ್ಕೋನು.”

“ಸ್ವರಜ್ಞಾನ ಇದೆ ಮಾರಾಯ. ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿದೆ. ಉಸಿರು ಸಾಲಲ್ಲ, ಅಷ್ಟೇ.” ಸ್ವಲ್ಪ ತಡೆದು, “ಶ್ರುತಿ ಇಳ್ಸಬೇಕಿತ್ತು” ಅಂದ.

ಇವರು ಮೊದಲಿನಿಂದಲೂ ಗಿಟಾರುಗಳನ್ನು ಮಾಮೂಲಿಗಿಂತ ಅರ್ಧ ಸ್ವರ ಇಳಿಸಿಕೊಂಡೇ ನುಡಿಸುತ್ತಾರೆ ಅಂತ ಹೇಳಿದೆ. ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆ ಕೆಳಗೆ. ಅಪ್ಪನ ಮುಖದಲ್ಲಿ ಆಸಕ್ತಿ ಬಂತು. “ಹೌದಾ? ಹಂಗಾದ್ರೆ ಇನ್ನೊಂದು ಮನೆ ಇಳ್ಸಲಿ. ಅದ್ರಲ್ಲೆಂತ ನಾಚ್ಕೆ? ಭಾಗವತ್ರು ವಯಸ್ಸಾದ ಮೇಲೆ ಇಳ್ಸದಿಲ್ವಾ? ಕಪ್ಪು ಮೂರರಲ್ಲಿ ಹಾಡ್ತಿದ್ದೋರು ಕಪ್ಪು ಒಂದಕ್ಕೆ ಬರ್ತಾರೆ. ಜನ ಎಂತ ಎದ್ದು ಹೋಗ್ತಾರಾ?”

ಬಾಯಿ ತಪ್ಪಿಯೋ ಏನೋ, ಕೇಳಿಬಿಟ್ಟೆ. “ಮತ್ತೆ ನೀನ್ಯಾಕೆ ಇಳಿಸ್ಲಿಲ್ಲ?”

ಅಪ್ಪ ನನ್ನ ಮುಖ ನೋಡಿದ. ಸಿಟ್ಟು ಬಂತು ಅಂದುಕೊಂಡೆ. ಏನೂ ಹೇಳದೆ ಮತ್ತೆ ಅಂಗಳ ನೋಡಿದ. ಮಳೆ ಹನಿಯಲು ಶುರುವಾಗಿತ್ತು. ಎಷ್ಟೋ ಹೊತ್ತಾದ ಮೇಲೆ, “ನಿನ್ನ ಮೊಬೈಲಲ್ಲಿ ಶ್ರುತಿ ಬರತ್ತಾ?” ಅಂದ.

ತಂಬೂರಿ ಆ್ಯಪ್ ಇಳಿಸಿಕೊಂಡೆ. ಅಪ್ಪ ಹೇಳಿದ ಕಡೆ ಇಟ್ಟೆ. “ಬೇಡ, ಇನ್ನೂ ಕೆಳಗೆ” ಅಂದ. ಇನ್ನೂ ಕೆಳಗೆ ಇಟ್ಟೆ. ಎರಡು ಸಲ ಗಂಟಲು ಸರಿ ಮಾಡಿಕೊಂಡು ಒಂದು ಪದ್ಯ ಎತ್ತಿಕೊಂಡ. ಮೂರನೇ ಸಾಲಿಗೆ ನಾಲಿಗೆ ತೊಡರಿತು. ನಿಲ್ಲಿಸಿದ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತ್ತು. ಅಪ್ಪ ಮತ್ತೆ ಮೊದಲಿನಿಂದ ಶುರು ಮಾಡಿದ. ಮತ್ತೆ ಅಲ್ಲೇ ತೊಡರಿತು. ಈ ಸಲ ನಿಲ್ಲಿಸಲಿಲ್ಲ. ತೊಡರಿದ ಪದವನ್ನು ಬಿಟ್ಟು ರಾಗದಲ್ಲೇ ದಾಟಿಕೊಂಡು ಮುಂದಕ್ಕೆ ಹೋದ. ಆ ಪದ್ಯ ನನಗೆ ಬಾಯಿಪಾಠ. ಕಟ್ಟಿದ ಗಂಟಲಿನಲ್ಲಿ ನಾನೂ ಸೇರಿಕೊಂಡೆ.

ಚೆನ್ನಾಗಿ ಬಂತಾ? ಇಲ್ಲ. ಒಬ್ಬನಿಗೆ ಸ್ಟ್ರೋಕು, ಇನ್ನೊಬ್ಬನಿಗೆ ಗನ್ಸ್ ಎನ್ ರೋಸಸ್ಸು. ಎಲ್ಲಿಂದ ಚೆನ್ನಾಗಿ ಬರಬೇಕು? ಮುಗಿದ ಮೇಲೆ ಅಪ್ಪ ಅಂದ: “ಆ ಮೂರು ಸಾವ್ರ ನಂಗೆ ವಾಪಸ್ ಕೊಡು.”

ಫೋನ್‌ಪೇ ಮಾಡಿದೆ. ತಮಾಷೆಗಲ್ಲ, ನಿಜಕ್ಕೂ ತಗೊಂಡ. ಬಡ್ಡಿ ಕೇಳಲಿಲ್ಲ, ಅದು ದೊಡ್ಡತನ.

ಅದಾದ ಮೇಲೆ ಅಪ್ಪ ದಿನಾ ಹಾಡ್ತಾನೆ ಅಂತ ಬರೆದರೆ ಸುಳ್ಳಾಗುತ್ತೆ. ವಾರಕ್ಕೆ ಎರಡು ಮೂರು ಸಲ, ಅದೂ ಮನಸ್ಸು ಬಂದರೆ, ತಂಬೂರಿ ಆ್ಯಪ್ ಹಾಕಿಕೊಂಡು ಕೂರುತ್ತಾನಂತೆ. ಪಕ್ಕದ ಮನೆಯವರು ಬಂದರೆ ನಿಲ್ಲಿಸಿಬಿಡುತ್ತಾನಂತೆ. ಮಾತಿನ ತೊದಲು ಸ್ವಲ್ಪ ಕಮ್ಮಿ ಆಗಿದೆ ಅಂತ ಅಮ್ಮ ಹೇಳ್ತಾಳೆ. ನನಗೆ ಫೋನಿನಲ್ಲಿ ಅಷ್ಟು ಗೊತ್ತಾಗಲ್ಲ.

ನಿಮ್ಮಲ್ಲೂ ಎಷ್ಟೋ ಜನ ಕೇಳ್ತೀರಿ, ಅಷ್ಟು ಖರ್ಚು ಮಾಡಿ ಹೋಗಿ, ಧೂಳಿನಲ್ಲಿ ನಿಂತು, ಮುದುಕರಾದವರ ಹಾಡು ಕೇಳೋದ್ರಲ್ಲಿ ಏನಿದೆ, ಫೋನಿನಲ್ಲೇ ಅವರ ವಯಸ್ಸಿನ ಕಾಲದ್ದು ಚೆನ್ನಾಗಿ ಕೇಳುತ್ತಲ್ಲ ಅಂತ. ಕೇಳುತ್ತೆ, ನಿಜ. ರೆಕಾರ್ಡಿಂಗಿನಲ್ಲಿ ಆ್ಯಕ್ಸಲ್‌ಗೆ ಯಾವತ್ತೂ 25 ವರ್ಷ. ಅಲ್ಲಿ ಅವನು ಎಡವೋದೇ ಇಲ್ಲ, ಅದಕ್ಕೇ ಅವನಿಗೆ ನನ್ನ ಅಗತ್ಯವೂ ಇಲ್ಲ. ಮುಂಬೈನಲ್ಲಿ ಆ ಒಂದು ಏರು ಸ್ವರಕ್ಕೆ ನಾನೂ ಬೇಕಾಗಿದ್ದೆ.

ಮೊನ್ನೆ ಅಪ್ಪ ಫೋನ್ ಮಾಡಿದ್ದ. ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾಗಿದೆ, ನಮ್ಮ ಕಡೆಯೂ ಒಂದು ಆಟ ಗೊತ್ತಾಗಿದೆ, ಸ್ಟ್ರೋಕ್ ಆದಮೇಲೆ ಹೋಗೇ ಇಲ್ಲ, ರಾತ್ರಿ ಒಬ್ಬನೇ ಹೋಗಕ್ಕೆ ಅಮ್ಮ ಬಿಡಲ್ಲ ಅಂದ. “ನೀ ಬರ್ತ್ಯಾ?” ಅಂತ ನೇರವಾಗಿ ಕೇಳಲಿಲ್ಲ. ಕೇಳೋದು ಅವನ ಅಭ್ಯಾಸ ಅಲ್ಲ.

ಆಫೀಸಿನ ಪೋರ್ಟಲ್ ತೆಗೆದು ಎರಡು ದಿನ ರಜೆ ಹಾಕಿದೆ. ಕಾರಣದ ಜಾಗದಲ್ಲಿ ಈ ಸಲ ಯೋಚನೆ ಮಾಡಲಿಲ್ಲ. ‘ಅಪ್ಪನ ಜೊತೆ ಯಕ್ಷಗಾನ ನೋಡಲು’ ಅಂತ ಬರೆದೆ. ಹತ್ತು ನಿಮಿಷದಲ್ಲಿ ಮಂಜೂರಾಯ್ತು. ಮ್ಯಾನೇಜರ್ ಕೆಳಗೆ ಒಂದು ಸಾಲು ಸೇರಿಸಿದ್ದರು: “ಯಾವ ಮೇಳ?”